ಎಡಗಡೆ ಕಾಲುವೆ ಸಣ್ಣದಿದ್ರೆ ಏನೀಗ?

ಬೆಂಗಳೂರಿನ ಐಟಿ ಕಂಪನಿಗಳ ಕ್ಯಾಂಟೀನಿನಲ್ಲಿ ಈಗ ಎರಡು ಮಾತು ಜೋರು. ಒಂದು ಇಎಂಐ, ಇನ್ನೊಂದು ಎಂಆರ್‌ಐ. ಮೊದಲನೆಯದನ್ನು ಬ್ಯಾಂಕಿನವರು ನಮ್ಮ ತಲೆಗೆ ಕಟ್ಟಿದರು, ಎರಡನೆಯದನ್ನು ನಾವೇ ಕಟ್ಟಿಕೊಂಡೆವು. ನಾಲ್ಕು ದಿನ ತಲೆನೋವು ಬಂದರೆ ಸಾಕು, ಮೊಬೈಲ್ ತೆಗೆದು ಸ್ಲಾಟ್ ಬುಕ್ ಮಾಡೋದು, ಶನಿವಾರ ಬೆಳಗ್ಗೆ ಹೋಗಿ ಆ ಸುರಂಗದಲ್ಲಿ ಮಲಗಿ ಬರೋದು, ಸಂಜೆಗೆ ವಾಟ್ಸಾಪಿನಲ್ಲಿ ರಿಪೋರ್ಟ್. ಯಾವ ಡಾಕ್ಟರ್ ಬರೆದುಕೊಟ್ಟಿದ್ದು ಅಂತ ಕೇಳಿದರೆ, "ಯಾರೂ ಇಲ್ಲ ಗುರು, ಪ್ಯಾಕೇಜಲ್ಲಿ ಆಫರ್ ಇತ್ತು" ಅನ್ನುವ ಉತ್ತರ.

ಆ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇರುತ್ತೆ. ಹೈಪೋಪ್ಲಾಸ್ಟಿಕ್ ಲೆಫ್ಟ್ ಟ್ರಾನ್ಸ್‌ವರ್ಸ್ ಸೈನಸ್. ಅದರ ಕೆಳಗೆ ಇನ್ನೊಂದು, ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್. ಅಲ್ಲಿಗೆ ಮುಗೀತು ಆ ಮನುಷ್ಯನ ನಿದ್ದೆ. ನಮ್ಮ ಒಂದೇ ಟೀಮಿನಲ್ಲಿ ಮೂವರಿಗೆ ಈ ಸಾಲು ಬಂದಿದೆ. ಒಬ್ಬ ರಾತ್ರಿ ಎರಡರ ತನಕ ಗೂಗಲ್ ಮಾಡಿ ಬೆಳಗ್ಗೆ ವಿಲ್ ಬರೆಯುವ ಮಾತಾಡಿದ. ಇನ್ನೊಬ್ಬಳು ಮತ್ತೆರಡು ಕಡೆ ಸ್ಕ್ಯಾನ್ ಮಾಡಿಸಿದಳು, ಮೂರರಲ್ಲೂ ಅದೇ ಸಾಲು ಬಂತು. ಮೂರನೆಯವನ ಅತ್ತೆ ಫೋನಿನಲ್ಲಿ "ಸೈನಸ್ ತಾನೆ, ನೀಲಗಿರಿ ಎಣ್ಣೆ ಹಾಕಿ ಆವಿ ತಗೋಳಪ್ಪಾ" ಅಂದರಂತೆ. ಮೂವರಿಗೂ ಸಿಕ್ಕ ಸಲಹೆಗಳಲ್ಲಿ ಕಡಿಮೆ ಖರ್ಚಿನದ್ದು ಅತ್ತೆಯದೇ.

ನನ್ನ ತಕರಾರು ಸರಳ. ಈ ಊರಿನಲ್ಲಿ ರೋಗವೇ ಇಲ್ಲದ ತಲೆಗೆ ಮೂರು ಸಲ ಸ್ಕ್ಯಾನ್ ಆಗುತ್ತೆ. ಅದೇ ಜಾಗದಲ್ಲಿ ನಿಜವಾದ ರೋಗ ಕೂತ ತಲೆಗೆ ನಮ್ಮ ಹಳ್ಳಿಯಲ್ಲಿ ಬೇವಿನ ಸೊಪ್ಪು ಬೀಸುತ್ತಾರೆ. ಎರಡೂ ಕಡೆ ಇರುವ ಕೊರತೆ ಒಂದೇ. ತಲೆಯೊಳಗಿನ ಒಂದು ಕಾಲುವೆಯ ಬಗ್ಗೆ ನಮಗೆ ಯಾರೂ ನಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳಿಲ್ಲ. ಯಾರೂ ಹೇಳದಿದ್ದರೆ ನಾವೇ ಹೇಳಿಕೊಳ್ಳೋಣ. ನಾನು ಡಾಕ್ಟರ್ ಅಲ್ಲ, ಬಿಇ ಓದಿದ ಮನುಷ್ಯ. ಆದರೆ ಇದು ರಾಕೆಟ್ ವಿಜ್ಞಾನ ಅಲ್ಲ. ಹೆಚ್ಚುಕಮ್ಮಿ ಬಚ್ಚಲ ನೀರಿನ ವಿಜ್ಞಾನ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಸೈನಸ್ ಅನ್ನುವ ಲ್ಯಾಟಿನ್ ಪದಕ್ಕೆ ಮಡಿಕೆ, ಪೊಳ್ಳು, ಕೊಲ್ಲಿ ಅಂತೆಲ್ಲ ಅರ್ಥ. ಮೂಗಿನ ಅಕ್ಕಪಕ್ಕದ ಮೂಳೆಯಲ್ಲಿ ಗಾಳಿ ತುಂಬಿದ ಪೊಳ್ಳುಗಳಿವೆ, ಅವೂ ಸೈನಸ್. ನೆಗಡಿಯಾದಾಗ ಕಟ್ಟಿಕೊಳ್ಳೋದು ಅವು. ಮಿದುಳನ್ನು ಸುತ್ತಿರುವ ದಪ್ಪ ಹೊದಿಕೆಯ ಎರಡು ಪದರಗಳ ನಡುವೆ ರಕ್ತ ಹರಿಯುವ ದಾರಿಗಳಿವೆ, ಅವೂ ಸೈನಸ್. ಹೆಸರು ಒಂದೇ, ಸಂಬಂಧ ಏನೂ ಇಲ್ಲ. ನಾನು ಹೇಳುತ್ತಿರೋದು ಎರಡನೆಯದರ ಬಗ್ಗೆ.

ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಹೋಗುತ್ತೆ. ಹೋದದ್ದು ವಾಪಸ್ ಬರಲೇಬೇಕು. ಹೋಗುವ ದಾರಿಯ ಬಗ್ಗೆ, ಅಲ್ಲಿ ಬ್ಲಾಕ್ ಆದರೆ ಸ್ಟ್ರೋಕ್ ಆಗುವ ಬಗ್ಗೆ ನಮಗೆಲ್ಲ ಗೊತ್ತು. ವಾಪಸ್ ಬರುವ ದಾರಿಯ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ, ಮನೆಗೆ ನಲ್ಲಿ ಹಾಕಿಸುವಾಗ ಇರುವ ಉತ್ಸಾಹ ಚರಂಡಿ ಮಾಡಿಸುವಾಗ ಇರೋದಿಲ್ಲವಲ್ಲ, ಹಾಗೆ. ಆ ವಾಪಸ್ ದಾರಿಯ ದೊಡ್ಡ ಕಾಲುವೆ ನೆತ್ತಿಯ ಕೆಳಗೆ, ಬೈತಲೆ ತೆಗೆಯುವ ಗೆರೆಯ ಗುಂಟ ಹಣೆಯಿಂದ ಹಿಂದಲೆಗೆ ಹೋಗುತ್ತೆ. ಅದಕ್ಕೆ ಸುಪೀರಿಯರ್ ಸ್ಯಾಜಿಟಲ್ ಸೈನಸ್ ಅಂತ ಹೆಸರು. ಅಡ್ಡ ಕೊಯ್ದು ನೋಡಿದರೆ ಅದು ದುಂಡಗಿಲ್ಲ, ಮುಕ್ಕೋನ. ಮಿದುಳಿನ ಮೇಲ್ಮೈಯ ರಕ್ತನಾಳಗಳು ಅದಕ್ಕೆ ಬಂದು ಸೇರುತ್ತವೆ. ಮಿದುಳಿನ ಸುತ್ತ ಇರುವ ತಿಳಿನೀರಿನಂಥ ದ್ರವ ದಿನಕ್ಕೆ ಸುಮಾರು ಅರ್ಧ ಲೀಟರ್ ತಯಾರಾಗುತ್ತೆ, ಅದರಲ್ಲಿ ಬಹುಪಾಲು ಇಂಗಿ ಹೋಗೋದೂ ಇಂಥ ಕಾಲುವೆಗಳಿಗೇ ಅಂತ ಪಠ್ಯಪುಸ್ತಕ ಹೇಳುತ್ತೆ.

ಹಿಂದಲೆಯಲ್ಲಿ ಒಂದು ಕೂಡಲಿ ಇದೆ. ನೆತ್ತಿಯ ಕಾಲುವೆ, ಮಿದುಳಿನ ಒಳಭಾಗದಿಂದ ಬರುವ ನೇರ ಕಾಲುವೆ, ಎರಡೂ ಅಲ್ಲಿ ಸೇರುತ್ತವೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿದ್ದ ಹೆರೋಫಿಲಸ್ ಎಂಬ ವೈದ್ಯನ ಹೆಸರು ಇವತ್ತಿಗೂ ಆ ಜಾಗಕ್ಕಿದೆ. ಅಲ್ಲಿಂದ ನೀರು ಎರಡು ಕಡೆ ಒಡೆಯುತ್ತೆ, ಎಡಕ್ಕೊಂದು ಬಲಕ್ಕೊಂದು ಅಡ್ಡ ಕಾಲುವೆ. ಇದೇ ನಮ್ಮ ರಿಪೋರ್ಟಿನ ಟ್ರಾನ್ಸ್‌ವರ್ಸ್ ಸೈನಸ್. ಅದು ಕಿವಿಯ ಹಿಂದಿನ ಮೂಳೆಯ ಒಳಗಡೆ ಎಸ್ ಆಕಾರದಲ್ಲಿ ತಿರುಗಿ, ಸಿಗ್ಮಾಯ್ಡ್ ಅನ್ನುವ ಹೆಸರು ಪಡೆದು, ತಲೆಬುರುಡೆಯ ತೂತಿನಿಂದ ಇಳಿದು ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಸೇರುತ್ತೆ. ಈ ಕಾಲುವೆಗಳಲ್ಲಿ ಕವಾಟ ಇಲ್ಲ, ಗೋಡೆಯಲ್ಲಿ ಸ್ನಾಯು ಇಲ್ಲ. ಒತ್ತಡ ಏರಿದರೆ ಹಿಂದಕ್ಕೂ ಏರುತ್ತೆ, ತಡೆಯೋರಿಲ್ಲ.

ಈಗ ಮುಖ್ಯ ಮಾತು. ಎಡ ಬಲ ಎರಡೂ ಕಾಲುವೆ ಸಮ ಇರಬೇಕು ಅಂತ ಯಾರು ಹೇಳಿದ್ದು? ಬಹಳ ಜನರಲ್ಲಿ ನೆತ್ತಿಯ ಕಾಲುವೆಯ ರಕ್ತ ಹೆಚ್ಚಾಗಿ ಬಲಗಡೆಗೆ ಹೋಗುತ್ತೆ, ನೇರ ಕಾಲುವೆಯದು ಎಡಗಡೆಗೆ. ಹಾಗಾಗಿ ಬಲಗಡೆ ಅಗಲ, ಎಡಗಡೆ ಕಿರಿದು. ಕೆಲವರಲ್ಲಿ ಉಲ್ಟಾ. ಕೆಲವರಲ್ಲಿ ಒಂದು ಕಡೆ ಕಾಲುವೆ ಹೆಸರಿಗಷ್ಟೇ ಇರುತ್ತೆ. ನಮ್ಮೂರ ಕೆರೆಗೆ ಎರಡು ತೂಬು ಇವೆ, ಒಂದರಲ್ಲಿ ಎಮ್ಮೆ ತೂರಬಹುದು, ಇನ್ನೊಂದರಲ್ಲಿ ಬೆಕ್ಕು. ಕಟ್ಟಿದ ದಿನದಿಂದ ಹಾಗೇ ಇದೆ. ಸಣ್ಣ ತೂಬು ಮುಚ್ಚಿದೆ ಅಂತ ಯಾರೂ ನೀರಾವರಿ ಇಲಾಖೆಗೆ ಅರ್ಜಿ ಹಾಕಿಲ್ಲ. ಹೈಪೋಪ್ಲಾಸ್ಟಿಕ್ ಅಂದರೆ ಇಷ್ಟೇ. ಬೆಳೆಯುವಾಗಲೇ ಸಣ್ಣದಾಗಿ ಬೆಳೆದದ್ದು. ಕಟ್ಟಿಕೊಂಡದ್ದಲ್ಲ, ಸವೆದದ್ದಲ್ಲ, ಬತ್ತಿದ್ದೂ ಅಲ್ಲ.

ಸ್ಕ್ಯಾನಿನ ಚಿತ್ರ ನೋಡಿದರೆ ಮಾತ್ರ ಎದೆ ಧಸಕ್ ಅನ್ನುತ್ತೆ, ನಿಜ. ಬಲಗಡೆ ಬೆಳ್ಳಗೆ ದಪ್ಪ ಗೆರೆ, ಎಡಗಡೆ ಅರ್ಧದಲ್ಲಿ ಕತ್ತರಿಸಿದ ಹಾಗೆ, ಅಥವಾ ಏನೂ ಇಲ್ಲ. ಆದರೆ ಆ ಚಿತ್ರ ತೆಗೆಯೋದು ಹೇಗೆ ಅಂತ ತಿಳಿದರೆ ಅರ್ಧ ಹೆದರಿಕೆ ಹೋಗುತ್ತೆ. ರಕ್ತನಾಳದ ಎಂಆರ್‌ಐನಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನ ಟೈಮ್ ಆಫ್ ಫ್ಲೈಟ್. ಇದರಲ್ಲಿ ಔಷಧ ಚುಚ್ಚೋದಿಲ್ಲ. ಮಷಿನ್ ಒಂದು ಹೋಳಿನೊಳಗಿನ ಎಲ್ಲಕ್ಕೂ ಮತ್ತೆಮತ್ತೆ ತಟ್ಟಿ ತಟ್ಟಿ ಅದರ ಸಿಗ್ನಲ್ ಮಂಕು ಮಾಡುತ್ತೆ. ಹೊರಗಿನಿಂದ ಹೊಸದಾಗಿ ಹರಿದು ಬಂದ ರಕ್ತಕ್ಕೆ ಆ ತಟ್ಟು ಬಿದ್ದಿರೋದಿಲ್ಲ, ಅದು ಬೆಳ್ಳಗೆ ಹೊಳೆಯುತ್ತೆ. ಅಂದರೆ ಈ ಚಿತ್ರ ಕೊಳವೆಯದಲ್ಲ, ಹರಿವಿನದು. ರಕ್ತ ನಿಧಾನವಾಗಿ ಹರಿದರೆ, ಅಥವಾ ಹೋಳಿನ ಒಳಗಡೆಯೇ ಅದರ ಗುಂಟ ಹರಿದರೆ, ಅದೂ ಮಂಕಾಗುತ್ತೆ. ಕೊಳವೆ ಇದ್ದರೂ ಚಿತ್ರದಲ್ಲಿ ಮಾಯ. ಸಣ್ಣ ಕಾಲುವೆಯಲ್ಲಿ ಹರಿವು ನಿಧಾನ, ಅದಕ್ಕೇ ಅದು ಮಾಯವಾಗೋದು ಜಾಸ್ತಿ.

ಇದು ನನ್ನ ಊಹೆಯಲ್ಲ. 2000ದಲ್ಲಿ ಅಮೆರಿಕದ ನರವಿಕಿರಣ ವಿಜ್ಞಾನದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮಿದುಳಿನ ಎಂಆರ್‌ಐ ನಾರ್ಮಲ್ ಅಂತ ಬಂದಿದ್ದ 100 ಜನರ ರಕ್ತನಾಳದ ಚಿತ್ರ ನೋಡಿದರು. 31 ಜನರಲ್ಲಿ ಅಡ್ಡ ಕಾಲುವೆ ನಡುವೆ ತುಂಡಾದಂತೆ ಕಾಣಿಸಿತು. ಆ ತುಂಡುಗಳಲ್ಲಿ 90 ಶೇಕಡ ಇದ್ದದ್ದು ಕಿರಿದಾದ ಕಡೆಯಲ್ಲೇ. ಹತ್ತರಲ್ಲಿ ಮೂವರಿಗೆ ಇರುವ ಸಂಗತಿಗೆ ರೋಗ ಅಂತ ಕರೆಯೋದಾದರೆ, ನಮ್ಮ ಸ್ಟ್ಯಾಂಡಪ್ ಮೀಟಿಂಗನ್ನು ಐಸಿಯುನಲ್ಲೇ ಇಟ್ಟುಕೊಳ್ಳಬೇಕಾಗುತ್ತೆ.

ಇನ್ನೊಂದು ಸಾಮಾನ್ಯ ಸಂಗತಿ ಇದೆ, ಅದೂ ಹೆದರಿಸುತ್ತೆ. ಮಿದುಳಿನ ದ್ರವ ರಕ್ತಕ್ಕೆ ಸೇರುವ ಜಾಗದಲ್ಲಿ ಸಣ್ಣ ಗಂಟುಗಳು ಕಾಲುವೆಯ ಒಳಕ್ಕೆ ಚಾಚಿಕೊಂಡಿರುತ್ತವೆ. ಆರಾಕ್ನಾಯ್ಡ್ ಗ್ರ್ಯಾನುಲೇಶನ್ ಅಂತ ಹೆಸರು. ಚಿತ್ರದಲ್ಲಿ ಅವು ಬೆಳ್ಳನೆಯ ಕಾಲುವೆಯೊಳಗೆ ದುಂಡನೆಯ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಹೆಪ್ಪುಗಟ್ಟಿದ ರಕ್ತದ ಚೂರಿನ ಥರ. ಆದರೆ ಅಂಚು ನುಣುಪು, ಆಕಾರ ದುಂಡು, ಉಳಿದ ಚಿತ್ರಗಳಲ್ಲಿ ಬಣ್ಣ ದ್ರವದ ಬಣ್ಣಕ್ಕೆ ಹೋಲುತ್ತೆ. ನೋಡಿದವರಿಗೆ ತಿಳಿಯುತ್ತೆ.

ಹಾಗಾದರೆ ಹುಟ್ಟಿನಿಂದ ಸಣ್ಣದು ಯಾವುದು, ಹೆಪ್ಪುಗಟ್ಟಿ ಮುಚ್ಚಿದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ? ದಾರಿ ಇದೆ, ಒಂದು ದಾರಿಯಂತೂ ನಮ್ಮ ಹಳ್ಳಿಯ ಯಾವ ಹುಡುಗನಿಗೂ ಅರ್ಥವಾಗುವಂಥದ್ದು. ಹಳ್ಳ ಹರಿದ ಜಾಗದಲ್ಲಿ ಬಂಡೆಯ ಮೇಲೆ ಗುರುತು ಉಳಿಯುತ್ತೆ. ಈ ಅಡ್ಡ ಕಾಲುವೆಯೂ ಹಾಗೇ, ತಲೆಬುರುಡೆಯ ಒಳಮೈಯಲ್ಲಿ ಒಂದು ತೋಡು ಮಾಡಿಕೊಂಡಿರುತ್ತೆ. ಸಿಟಿ ಸ್ಕ್ಯಾನಿನಲ್ಲಿ ಆ ಮೂಳೆಯ ತೋಡು ಚೆನ್ನಾಗಿ ಕಾಣುತ್ತೆ. ಎಡಗಡೆ ಕಾಲುವೆಯೂ ಇಲ್ಲ, ತೋಡೂ ಸಣ್ಣದು, ಕೆಳಗೆ ಇಳಿಯುವ ತೂತೂ ಸಣ್ಣದು ಅಂದರೆ ಅಲ್ಲಿ ಎಂದೂ ದೊಡ್ಡ ಹಳ್ಳ ಹರಿದಿಲ್ಲ. ತೋಡು ದೊಡ್ಡದಿದೆ, ರಕ್ತ ಮಾತ್ರ ಕಾಣುತ್ತಿಲ್ಲ ಅಂದರೆ ಅನುಮಾನ ಪಡಬೇಕು. ಆಗ ಔಷಧ ಚುಚ್ಚಿ ಚಿತ್ರ ತೆಗೆಯುತ್ತಾರೆ, ಹೆಪ್ಪುಗಟ್ಟಿದ ರಕ್ತದ ಕಬ್ಬಿಣವನ್ನು ಹಿಡಿಯುವ ಬೇರೆ ಚಿತ್ರಗಳನ್ನು ನೋಡುತ್ತಾರೆ. ಇದೆಲ್ಲ ರೇಡಿಯಾಲಜಿಸ್ಟ್‌ಗಳಿಗೆ ನೀರು ಕುಡಿದಷ್ಟು ಸಲೀಸು.

ಸಲೀಸು ಅನ್ನುವ ಕಾರಣಕ್ಕೇ ನನಗೆ ಸಿಟ್ಟು ಬರೋದು. ಗೊತ್ತಿದ್ದೂ ಯಾಕೆ ಬರೆಯೋದಿಲ್ಲ? ನಾವು ಸಾಫ್ಟ್‌ವೇರಿನವರು ಲಾಗ್ ಬರೆಯುವಾಗ ಪ್ರತಿ ಸಾಲಿಗೂ ಒಂದು ದರ್ಜೆ ಕೊಡ್ತೀವಿ. ಇದು ಬರೀ ಮಾಹಿತಿ, ಇದು ವಾರ್ನಿಂಗ್, ಇದು ಎರರ್, ಇದಕ್ಕೆ ರಾತ್ರಿ ಎದ್ದು ಬಾ. ದರ್ಜೆ ಹಾಕದೆ ಲಾಗ್ ಬರೆದರೆ ಕೋಡ್ ರಿವ್ಯೂನಲ್ಲಿ ಉಗೀತಾರೆ. ಮನುಷ್ಯನ ತಲೆಯ ರಿಪೋರ್ಟಿನಲ್ಲಿ ಮಾತ್ರ ಮಾಹಿತಿಗೂ ಎರರಿಗೂ ಒಂದೇ ಅಕ್ಷರ, ಒಂದೇ ಸೈಜು. "ಇದು ಹುಟ್ಟಿನಿಂದ ಇರುವ ವ್ಯತ್ಯಾಸ, ರೋಗವಲ್ಲ, ಹೆಪ್ಪುಗಟ್ಟಿದ ಲಕ್ಷಣ ಕಂಡಿಲ್ಲ." ಇಷ್ಟು ಬರೆಯೋಕೆ ಎಷ್ಟು ಹೊತ್ತು ಬೇಕು? ಕನ್ನಡದಲ್ಲೇ ಬರೆದರೂ ಒಂದೂವರೆ ಸಾಲು.

ಇದಕ್ಕೆ ಡಾಕ್ಟರ್ ಗೆಳೆಯರು ಕೊಡುವ ಉತ್ತರ ನನಗೆ ಗೊತ್ತು. ರಿಪೋರ್ಟ್ ಬರೆಯೋದು ಇನ್ನೊಬ್ಬ ಡಾಕ್ಟರಿಗೆ, ರೋಗಿಗಲ್ಲ ಅಂತಾರೆ. ಒಪ್ಪಬಹುದಿತ್ತು, ರಿಪೋರ್ಟ್ ಸೀದಾ ರೋಗಿಯ ಮೊಬೈಲಿಗೆ ಬಾರದೆ ಇದ್ದಿದ್ದರೆ. ಡಾಕ್ಟರೇ ಇಲ್ಲದ ಪ್ಯಾಕೇಜ್ ಮಾರೋದೂ ನೀವೇ, ರಿಪೋರ್ಟ್ ಡಾಕ್ಟರಿಗೆ ಬರೆದದ್ದು ಅನ್ನೋದೂ ನೀವೇ. ಎರಡೂ ಒಟ್ಟಿಗೆ ನಡೆಯೋದಿಲ್ಲ. ಬರೆಯದೆ ಬಿಟ್ಟರೆ ನಾಳೆ ಕೇಸ್ ಹಾಕ್ತಾರೆ ಅನ್ನುವ ಹೆದರಿಕೆ ಇನ್ನೊಂದು. ಬಿಡಿ ಅಂತ ನಾನೂ ಹೇಳ್ತಿಲ್ಲ, ಬರೆಯಿರಿ. ಬರೆದು ಅದರ ಅರ್ಥವನ್ನೂ ಬರೆಯಿರಿ ಅಂತ ಕೇಳ್ತಿದ್ದೀನಿ.

ಈಗ ನಮ್ಮ ಕಡೆಗೆ ಬರೋಣ, ತಪ್ಪೆಲ್ಲ ಸ್ಕ್ಯಾನ್ ಸೆಂಟರಿನದಲ್ಲ. ತಲೆನೋವಿಗೆ ಡಾಕ್ಟರ್ ಹತ್ತಿರ ಹೋದರೆ ಅವರು ಮೊದಲು ಕಥೆ ಕೇಳ್ತಾರೆ. ಯಾವಾಗ ಶುರು, ಮಲಗಿದರೆ ಜಾಸ್ತಿಯಾ, ಕಣ್ಣು ಮಂಜಾ, ಯಾವ ಮಾತ್ರೆ ತಗೋತೀರಿ. ಆಮೇಲೆ ಒಂದು ಪುಟ್ಟ ಉಪಕರಣದಲ್ಲಿ ಕಣ್ಣೊಳಗೆ ಇಣುಕಿ ನೋಡ್ತಾರೆ. ಆಫ್ತಾಲ್ಮೋಸ್ಕೋಪ್ ಅಂತ, 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಜಗತ್ತಿಗೆ ತೋರಿಸಿದ ಸಾಧನ. ತಲೆಯೊಳಗೆ ಒತ್ತಡ ಏರಿದ್ದರೆ ಬಹಳ ಸಲ ಕಣ್ಣಿನ ನರದ ತುದಿ ಊದಿಕೊಂಡಿರುತ್ತೆ, ಅದು ಅಲ್ಲಿ ಕಾಣುತ್ತೆ. ಐದು ನಿಮಿಷದ ಕೆಲಸ. ಆದರೆ ನಮಗೆ ಕಥೆ ಹೇಳುವ ವ್ಯವಧಾನ ಇಲ್ಲ, ಇಮೇಜ್ ಬೇಕು. ಕೋಟಿಗಟ್ಟಲೆ ಬೆಲೆಯ ಮಷಿನ್ ಹೇಳಿದ್ದು ಸತ್ಯ, ಮುಂದೆ ಕೂತ ಮನುಷ್ಯ ಹೇಳಿದ್ದು ಅಭಿಪ್ರಾಯ. ಪ್ರಶ್ನೆಯೇ ಇಲ್ಲದೆ ಡೇಟಾ ತೆಗೆದರೆ ಸಿಗೋದು ಗದ್ದಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಎರಡೂ ಕಡೆ ಅಡ್ಡ ಕಾಲುವೆ ಇರುಕಾಗಿ, ತಲೆಯೊಳಗಿನ ಒತ್ತಡ ಏರಿ, ದೃಷ್ಟಿ ಹೋಗುವ ಸ್ಥಿತಿಯೊಂದಿದೆ. ತೂಕ ಜಾಸ್ತಿ ಇರುವ ಯುವತಿಯರಲ್ಲಿ ಹೆಚ್ಚು. ಅದನ್ನು ನಾನು ತಳ್ಳಿಹಾಕ್ತಿಲ್ಲ. ಅದನ್ನು ಮೊದಲು ಹಿಡಿದುಕೊಡೋದೂ ಅದೇ ಕಣ್ಣಿನ ಪರೀಕ್ಷೆಯೇ.

ಇನ್ನು ನಿಜವಾದ ರೋಗದ ಮಾತು.

ಈ ಕಾಲುವೆಗಳಲ್ಲಿ ರಕ್ತ ಹೆಪ್ಪುಗಟ್ಟೋದುಂಟು. ಬಚ್ಚಲ ಚರಂಡಿ ಕಟ್ಟಿದರೆ ಏನಾಗುತ್ತೋ ಅದೇ ಆಗುತ್ತೆ, ನೀರು ಹಿಂದಕ್ಕೆ ಬಂದು ಬಚ್ಚಲಲ್ಲೇ ನಿಲ್ಲುತ್ತೆ. ಮಿದುಳು ಊದಿಕೊಳ್ಳುತ್ತೆ, ಸಣ್ಣ ನಾಳಗಳು ಒತ್ತಡ ತಾಳದೆ ಒಡೆದು ಮಿದುಳಿನೊಳಗೇ ರಕ್ತ ಸೋರುತ್ತೆ. ಮೊದಲು ತಲೆನೋವು, ಆಮೇಲೆ ಫಿಟ್ಸ್, ಕೈಕಾಲು ಬೀಳೋದು, ಮಂಪರು. 2004ರಲ್ಲಿ ಪ್ರಕಟವಾದ, 21 ದೇಶಗಳ 624 ರೋಗಿಗಳ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ನೂರಕ್ಕೆ ಸುಮಾರು 90 ಜನರಿಗೆ ತಲೆನೋವಿತ್ತು, ಸುಮಾರು 40 ಜನರಿಗೆ ಫಿಟ್ಸ್ ಬಂದಿತ್ತು. ಚಿಕಿತ್ಸೆ ಸಿಕ್ಕಿದವರಲ್ಲಿ ಐದರಲ್ಲಿ ನಾಲ್ವರು ಹೆಚ್ಚುಕಮ್ಮಿ ಪೂರ್ತಿ ಚೇತರಿಸಿಕೊಂಡರು. ಇದನ್ನು ನೆನಪಿಟ್ಟುಕೊಳ್ಳಿ. ಇದು ಚರಂಡಿಯ ಸ್ಟ್ರೋಕ್. ಬೇಗ ಹಿಡಿದರೆ ವಾಸಿಯಾಗುವ ಸ್ಟ್ರೋಕ್.

ಯಾರಿಗೆ ಬರುತ್ತೆ? ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ, ರಕ್ತ ಹೆಪ್ಪುಗಟ್ಟುವ ಗುಣ ಹುಟ್ಟಿನಿಂದ ಜಾಸ್ತಿ ಇರುವವರಿಗೆ. ಕಿವಿ ಸೋರೋದನ್ನು ವರ್ಷಗಟ್ಟಲೆ ಹಾಗೇ ಬಿಟ್ಟ ಮಕ್ಕಳಿಗೆ, ಯಾಕೆಂದರೆ ಕಾಲುವೆ ಕಿವಿಯ ಹಿಂದಿನ ಮೂಳೆಗೆ ಅಂಟಿಕೊಂಡೇ ಹೋಗುತ್ತೆ. 2021ರಲ್ಲಿ ಲಸಿಕೆಯ ಸುದ್ದಿಯಲ್ಲಿ ಈ ಹೆಸರು ಬಂದಿದ್ದು ನಿಮಗೆ ನೆನಪಿರಬಹುದು, ಅದು ತೀರಾ ಅಪರೂಪದ ಕಾರಣ. ನಮ್ಮ ದೇಶದಲ್ಲಿ ಇದರ ದೊಡ್ಡ ಕಥೆ ಬೇರೆಯೇ ಇದೆ. ಅದು ಬಾಣಂತಿ ಕೋಣೆಯದು.

ಹೆರಿಗೆಯಲ್ಲಿ ರಕ್ತ ಸುರಿದು ತಾಯಿ ಸಾಯಬಾರದು ಅಂತ ಬಸುರಿಯ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯನ್ನು ದೇಹವೇ ಹೆಚ್ಚಿಸುತ್ತೆ. ಹೆರಿಗೆಯಾಗಿ ಆರು ವಾರ ತನಕ ಅದರ ಪ್ರಭಾವ ಇರುತ್ತೆ. ಅದರ ಮೇಲೆ ನಾವು ಏನು ಮಾಡ್ತೀವಿ? ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ದಪ್ಪ ಆಗುತ್ತೆ, ನಂಜಾಗುತ್ತೆ, ಮಗುವಿಗೆ ಶೀತ ಆಗುತ್ತೆ ಅಂತೀವಿ. ದಿನಕ್ಕೆ ಎರಡು ಲೋಟ, ಅದೂ ಕಾಯಿಸಿ, ಅದೂ ಅತ್ತೆಯ ಲೆಕ್ಕದಲ್ಲಿ. ಕಿಟಕಿ ಮುಚ್ಚಿ, ಕೆಂಡ ಹಾಕಿ, ಕಂಬಳಿ ಹೊದಿಸಿ ಬೆವರಿಸ್ತೀವಿ. ಹಾಲು ಕುಡಿಸುವ ತಾಯಿ, ಬೆವರುವ ತಾಯಿ, ಮೊದಲೇ ರಕ್ತಹೀನತೆ ಇರುವ ತಾಯಿ. ನೀರಿಲ್ಲದೆ ರಕ್ತ ಗಟ್ಟಿಯಾಗುತ್ತೆ. ನಿಧಾನ ಹರಿಯುವ ಕಾಲುವೆಯಲ್ಲಿ ಗಟ್ಟಿ ರಕ್ತ, ಹೆಪ್ಪುಗಟ್ಟೋಕೆ ತಯಾರಾಗಿ ನಿಂತ ರಕ್ತ. ಇನ್ನೇನು ಬೇಕು?

ಆಮೇಲೆ ತಲೆನೋವು ಅಂತಾಳೆ. ಗಾಳಿ ತಾಗಿದೆ, ಕಿವಿಗೆ ಹತ್ತಿ ಇಡು ಅಂತಾರೆ. ಮಂಕಾಗ್ತಾಳೆ, ಏನೇನೋ ಮಾತಾಡ್ತಾಳೆ. ಬಾಣಂತಿ ಸನ್ನಿ ಅಂತಾರೆ. ಫಿಟ್ಸ್ ಬರುತ್ತೆ. ದೆವ್ವ ಮೆಟ್ಟಿದೆ ಅಂತಾರೆ. ಸನ್ನಿ ಅನ್ನುವ ಒಂದೇ ಚೀಲದಲ್ಲಿ ನಮ್ಮ ಜನ ಎಷ್ಟೋ ಬೇರೆ ಬೇರೆ ರೋಗಗಳನ್ನು ಕಟ್ಟಿಟ್ಟಿದ್ದಾರೆ. ಹೆರಿಗೆ ನಂತರದ ಮಾನಸಿಕ ಕಾಯಿಲೆ, ಬಿಪಿ ಏರಿ ಬರುವ ಫಿಟ್ಸ್, ಸೋಂಕಿನ ಜ್ವರ, ಮತ್ತು ಈ ಹೆಪ್ಪುಗಟ್ಟಿದ ಕಾಲುವೆ. ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. ನಾಲ್ಕಕ್ಕೂ ಬೇಕಾಗಿರೋದು ಆಸ್ಪತ್ರೆ. ನಾಲ್ಕಕ್ಕೂ ಸಿಗೋದು ಬೇವಿನ ಸೊಪ್ಪು.

ನಮ್ಮೂರಿನಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆಯ ಹೆಣ್ಣುಮಗಳು. ಹೆರಿಗೆಯಾದ ಒಂಬತ್ತನೇ ದಿನ ತಲೆನೋವು ಶುರುವಾಯ್ತು. ಹನ್ನೆರಡನೇ ದಿನ ಫಿಟ್ಸ್ ಬಂತು, ಬಲಗೈ ಬಿತ್ತು. ಎರಡು ದಿನ ಗುಡಿಯ ಮುಂದೆ ಹೋಯ್ತು. ಮೊದಲು ತೆಗೆದ ಸಾದಾ ಸಿಟಿಯಲ್ಲಿ ಏನೂ ಕಾಣಲಿಲ್ಲ. ಇದು ಆಶ್ಚರ್ಯವಲ್ಲ, ಈ ರೋಗದಲ್ಲಿ ಸಾದಾ ಸಿಟಿ ಮೂರರಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಸುಳಿವು ಕೊಡುತ್ತೆ. ಕಾಲುವೆ ಇರಬೇಕಾದ ಕಡೆ ಬೆಳ್ಳನೆಯ ಹಗ್ಗದ ಥರ ಕಂಡರೆ ಅದು ಹೆಪ್ಪು. ಔಷಧ ಚುಚ್ಚಿ ತೆಗೆದರೆ ಹಿಂದಲೆಯಲ್ಲಿ ಅಂಚು ಬೆಳ್ಳಗೆ, ಒಳಗೆ ಖಾಲಿ ಇರುವ ಮುಕ್ಕೋನ ಕಾಣಬಹುದು. ಎಂಆರ್‌ಐನಲ್ಲೂ ಮೊದಲ ಕೆಲವು ದಿನ ಹೆಪ್ಪು ಕೆಲವು ಚಿತ್ರಗಳಲ್ಲಿ ಕಪ್ಪಗಿದ್ದು, ಹರಿಯುವ ರಕ್ತದಂತೆಯೇ ನಟಿಸುತ್ತೆ. ಆ ಹೆಣ್ಣುಮಗಳಿಗೆ ಹುಡುಕಬೇಕಾದ್ದನ್ನು ಹುಡುಕುವ ಸ್ಕ್ಯಾನ್ ಆದದ್ದು ಬೆಂಗಳೂರಿಗೆ ಬಂದ ಮೇಲೆ. ಬದುಕಿದಳು. ಬಲಗೈ ಹಿಡಿತ ಪೂರ್ತಿ ಬರಲಿಲ್ಲ, ಎಡಗೈಯಲ್ಲಿ ಹಾಲು ಕರೆಯೋದನ್ನು ಕಲಿತಿದ್ದಾಳೆ. ಆ ಎರಡು ದಿನ ವಾಪಸ್ ಸಿಕ್ಕಿದ್ದರೆ ಆ ಕೈ ಉಳೀತಿತ್ತಾ ಅನ್ನುವ ಪ್ರಶ್ನೆಯನ್ನು ಅವಳ ಮನೆಯಲ್ಲಿ ಯಾರೂ ಕೇಳೋದಿಲ್ಲ.

ಚಿಕಿತ್ಸೆ ಏನು ಅಂತ ಕೇಳಿದರೆ ನೀವು ನಗ್ತೀರಿ. ಹೆಪಾರಿನ್. ರಕ್ತ ತೆಳು ಮಾಡುವ ಹಳೇ ಇಂಜೆಕ್ಷನ್. ಮಿದುಳಲ್ಲಿ ರಕ್ತ ಸೋರಿದ್ದರೂ ಕೊಡ್ತಾರೆ, ಯಾಕೆಂದರೆ ಸೋರಿದ್ದು ಚರಂಡಿ ಕಟ್ಟಿದ್ದರಿಂದ. 1991ರಲ್ಲಿ ಜರ್ಮನಿಯ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದ್ದದ್ದು ಬರೀ 20 ರೋಗಿಗಳು. ಹೆಪಾರಿನ್ ಸಿಕ್ಕ 10 ಜನರಲ್ಲಿ 8 ಜನ ಪೂರ್ತಿ ಗುಣವಾದರು, ಯಾರೂ ಸಾಯಲಿಲ್ಲ. ಸಿಗದ 10 ಜನರಲ್ಲಿ 3 ಜನ ಸತ್ತರು. ನಮ್ಮ ನಿಮ್ಹಾನ್ಸ್‌ನಲ್ಲೇ ಡಾ. ಡಿ. ನಾಗರಾಜ ಮತ್ತು ಸಂಗಡಿಗರು 1990ರ ದಶಕದಲ್ಲಿ 57 ಬಾಣಂತಿಯರ ಮೇಲೆ ಹೆಪಾರಿನ್ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಜಗತ್ತಿನಲ್ಲಿ ಈ ರೋಗಕ್ಕೆ ಅಂಥ ಪರೀಕ್ಷೆಗಳು ನಡೆದದ್ದೇ ಬೆರಳೆಣಿಕೆ, ಅದರಲ್ಲಿ ಒಂದು ಹೊಸೂರು ರಸ್ತೆಯಲ್ಲಿ ನಡೆದದ್ದು. ನಾವು ದಿನಾ ಆ ಗೇಟಿನ ಮುಂದೆ ಟ್ರಾಫಿಕ್ಕಿನಲ್ಲಿ ನಿಂತು ಹಾರ್ನ್ ಹೊಡೀತೀವಿ.

ಹಿರಿಯರ ಅನುಭವಕ್ಕೆ ಬೆಲೆ ಇಲ್ವಾ ಅಂತ ಕೆಲವರು ಕೇಳ್ತಾರೆ. ಇದೆ. ಬಾಣಂತಿಗೆ ವಿಶ್ರಾಂತಿ, ಎಣ್ಣೆನೀರು, ತುಪ್ಪದ ಊಟ, ಮನೆಕೆಲಸದಿಂದ ರಜೆ, ಇವೆಲ್ಲ ಹಿರಿಯರೇ ಕೊಟ್ಟದ್ದು, ಚೆನ್ನಾಗಿಯೇ ಇದೆ. ನೀರಿನ ವಿಷಯದಲ್ಲಿ ಮಾತ್ರ ಅವರ ಲೆಕ್ಕ ತಪ್ಪು. ಹಸುವಿಗೆ ಕರು ಹಾಕಿದ ದಿನ ಬಕೆಟ್ಟುಗಟ್ಟಲೆ ನೀರಿಡುವ ಮನೆಯಲ್ಲೇ ಸೊಸೆಗೆ ಲೋಟ ಎಣಿಸೋದು ಅನುಭವ ಅಲ್ಲ.

ಹಾಗಾದರೆ ಎಲ್ಲ ಬಾಣಂತಿಯರಿಗೂ ಸ್ಕ್ಯಾನ್ ಮಾಡಿಸಬೇಕಾ ಅಂತ ಇನ್ನೊಂದು ಪ್ರಶ್ನೆ. ಬೇಡ. ಹಾಗೆ ಮಾಡಿದರೆ ನಮ್ಮ ಟೀಮಿನ ಕಥೆಯೇ ಅಲ್ಲೂ ಆಗುತ್ತೆ, ಹತ್ತರಲ್ಲಿ ಮೂವರಿಗೆ ಎಡಗಾಲುವೆ ಸಣ್ಣದು ಅಂತ ಬರುತ್ತೆ. ಸ್ಕ್ಯಾನ್ ಬೇಕಾಗಿರೋದು ಲಕ್ಷಣ ಇದ್ದವರಿಗೆ. ಹೆರಿಗೆಯಾಗಿ ಆರು ವಾರದೊಳಗೆ ಹೊಸದಾಗಿ ಶುರುವಾಗಿ ದಿನೇದಿನೇ ಏರುವ ತಲೆನೋವು, ಮಲಗಿದರೆ ಜಾಸ್ತಿಯಾಗೋದು, ವಾಂತಿ, ಕಣ್ಣು ಮಂಜಾಗೋದು, ಫಿಟ್ಸ್, ಒಂದು ಕಡೆ ಕೈಕಾಲಿಗೆ ಶಕ್ತಿ ಇಲ್ಲದಿರೋದು, ಮಾತು ತೊದಲೋದು, ಮಂಪರು. ಇದರಲ್ಲಿ ಒಂದು ಇದ್ದರೂ ಅದೇ ದಿನ ಆಸ್ಪತ್ರೆ. ಬೆಳಗ್ಗೆ ನೋಡೋಣ ಅನ್ನುವ ಮಾತು ಬೇಡ.

ಇದನ್ನು ನಾನು ಊರಿನ ಅತ್ತೆಯಂದಿರಿಗೆ ಬರೆಯದೆ ನಿಮಗೆ ಯಾಕೆ ಬರೀತಿದ್ದೀನಿ? ಅವರು ಈ ಪುಟ ಓದೋದಿಲ್ಲ, ನೀವು ಓದ್ತೀರಿ. ಬೆಂಗಳೂರಿನಲ್ಲಿ ನಮ್ಮ ಮಾತು ಮ್ಯಾನೇಜರ್ ಕೂಡ ಕೇಳೋದಿಲ್ಲ, ಆದರೆ ಊರಲ್ಲಿ ನಮ್ಮ ಮಾತಿಗೆ ಬೆಲೆ ಇದೆ. ಫ್ರಿಜ್ ಯಾವುದು ತರಬೇಕು, ತಮ್ಮನನ್ನು ಯಾವ ಕಾಲೇಜಿಗೆ ಹಾಕಬೇಕು, ಎಲ್ಲಕ್ಕೂ ನಮಗೇ ಫೋನ್ ಬರುತ್ತೆ. ತಂಗಿಯ ಹೆರಿಗೆಗೆ ನಾವು ದುಡ್ಡು ಕಳಿಸ್ತೀವಿ, ತೊಟ್ಟಿಲಿಗೆ ಆರ್ಡರ್ ಹಾಕ್ತೀವಿ, ವಿಡಿಯೋ ಕಾಲ್‌ನಲ್ಲಿ ಮಗು ನೋಡಿ ಯಾರ ಮೂಗು ಅಂತ ಚರ್ಚೆ ಮಾಡ್ತೀವಿ. ಆ ಫೋನನ್ನು ತಂಗಿಯ ಕೈಗೆ ಕೊಡಿ ಅಂತ ಮಾತ್ರ ಹೇಳೋದಿಲ್ಲ. ಎಷ್ಟು ನೀರು ಕುಡಿದೆ ಅಂತ ಕೇಳೋಕೆ ನಮಗೆ ಮುಜುಗರ, ಅದು ಹೆಂಗಸರ ವಿಷಯ ಅಂತ.

ಮುಜುಗರ ಬಿಡಿ. ನಿಮ್ಮ ತಲೆಯ ಎಡಗಡೆ ಕಾಲುವೆ ಸಣ್ಣದಿದ್ದರೆ ರಿಪೋರ್ಟನ್ನು ಒಬ್ಬ ನ್ಯೂರಾಲಜಿಸ್ಟ್‌ಗೆ ತೋರಿಸಿ, ಅವರು ಏನೂ ಇಲ್ಲ ಅಂದರೆ ಮಡಚಿ ಬೀರುವಿನಲ್ಲಿಟ್ಟು ಮಲಗಿ. ಎರಡನೇ ಸ್ಕ್ಯಾನಿಗೆ ಎತ್ತಿಟ್ಟ ದುಡ್ಡು ಹಾಗೇ ಇರಲಿ. ನಿಮ್ಮ ಮನೆಯಲ್ಲೋ ಊರಲ್ಲೋ ಬಾಣಂತಿ ಇದ್ದರೆ ಇವತ್ತೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ನೀರು ಬೇಕಾದಷ್ಟು ಕುಡೀತಿದ್ದೀಯಾ? ತಲೆನೋವಿದೆಯಾ? ಎರಡನೆಯದಕ್ಕೆ ಹೌದು ಅಂದರೆ, ಆ ದುಡ್ಡಿನಲ್ಲಿ ಊರಿಗೆ ಕಾರು ಕಳಿಸಿ.